ಬಂದ್ ಗಾಡಿಯ ಪರವಾಗಿ

ಮೋಟಾರಿನ ವಿಷಯದಲ್ಲಿ ನಾನು ಮೂರು ಸಲ ವಾದ ಮಾಡಿದೆ. ಎರಡು ಸಲ ಗೆದ್ದೆ. ಗೆದ್ದವರು ನೆನಪು ಬರೆಯಲು ಕೂತಾಗ ತಾವು ಆಡಿದ ಮಾತನ್ನು ಮತ್ತೊಮ್ಮೆ ಮಸೆದು ಚೂಪು ಮಾಡಿಕೊಳ್ಳುವುದುಂಟು. ನನಗೆ ಅದರ ಅಗತ್ಯವಿಲ್ಲ. ಅವು ಆಗಲೇ ಬೇಕಾದ್ದಕ್ಕಿಂತ ಚೂಪಾಗಿದ್ದವು.

ಆ ವರ್ಷ ನಾನು ಹೈದರಾಬಾದಿನ ಕಾಲೇಜು ಮುಗಿಸಿ ಬಂದಿದ್ದೆ. ನಮ್ಮ ಮನೆ ಕಮಲಾಪುರದಲ್ಲಿ. ಆದರೆ ನಾನು ಹೆಚ್ಚಾಗಿ ಇರುತ್ತಿದ್ದುದು ಕಲಬುರ್ಗಿಯಲ್ಲಿ, ಗಾಜಿಪುರದ ಅಕ್ಕನ ಮನೆಯಲ್ಲಿ. ಕಚೇರಿಗೆ ಅರ್ಜಿ ಹಾಕಿ ಜವಾಬಿಗೆ ಕಾಯುತ್ತಿದ್ದೇನೆ ಎಂಬುದು ಹೇಳಿಕೊಳ್ಳಲು ಒಂದು ಕಾರಣ. ಅಸಲಿಗೆ ಕಮಲಾಪುರದಲ್ಲಿ ನನ್ನ ಜೊತೆ ವಾದಿಸುವವರು ಯಾರೂ ಇರಲಿಲ್ಲ. ದೇವರಿಲ್ಲ ಎಂದರೂ, ಇದ್ದಾನೆ ಎಂದರೂ, "ಹೌದಪಾ, ನೀ ಓದಿದಂವ" ಎಂದು ಟವಲು ಕೊಡವಿಕೊಂಡು ಎದ್ದು ಹೋಗುತ್ತಿದ್ದರು.

ಕಾಲೇಜಿನಲ್ಲಿ ವಾರಕ್ಕೊಮ್ಮೆ ಬಹಸ್ ಎಂಬ ವಾದದ ಸ್ಪರ್ಧೆ ನಡೆಯುತ್ತಿತ್ತು. ವಿಷಯವನ್ನು ಹಲಗೆಯ ಮೇಲೆ ಬರೆದು, ಒಂದು ಡಬ್ಬಿಯಲ್ಲಿ ಎರಡು ಚೀಟಿ ಹಾಕಿ, ಯಾರು ಪರ, ಯಾರು ವಿರೋಧ ಎಂದು ಎತ್ತಿಸುತ್ತಿದ್ದರು. ನಿನ್ನ ಸ್ವಂತ ಅಭಿಪ್ರಾಯವೇನು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳುವುದು ಒಂದು ಬಗೆಯ ಅಸಭ್ಯತನವೆಂದೇ ತಿಳಿದಿದ್ದರು. ಯಾವ ಚೀಟಿ ಬಂದರೂ ಗೆಲ್ಲುವವನೇ ನಿಜವಾದ ಜಾಣ. ನಾನು ಯಾವ ಚೀಟಿ ಬಂದರೂ ಗೆಲ್ಲುತ್ತಿದ್ದೆ. ಹೆಣ್ಣುಮಕ್ಕಳಿಗೆ ಓದು ಬೇಕು ಎಂದು ಒಂದು ವಾರ, ಬೇಡ ಎಂದು ಇನ್ನೊಂದು ವಾರ. ಎರಡಕ್ಕೂ ಚಪ್ಪಾಳೆ ಬಂದಿತ್ತು, ವರ್ಷದ ಕೊನೆಗೆ ಬಹುಮಾನದ ಕಪ್ಪೂ ಬಂದಿತ್ತು. ಇದನ್ನು ನಾನು ಅಕ್ಕನ ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ಭಾವ ತೊಗರಿ ವ್ಯಾಪಾರಿ. ಸ್ವಭಾವದಿಂದ ಒಳ್ಳೆಯವರು, ಸ್ವಲ್ಪ ಮೆರೆಯುವ ಚಪಲದವರು. ಸಿಕಂದರಾಬಾದಿನಲ್ಲಿ ಯಾರೋ ಗೋರಾ ಫೌಜಿನವನ ಎರಡೇ ಸೀಟಿನ ಮೋಟಾರನ್ನು ನೋಡಿ ಬಂದ ದಿನದಿಂದ ಅವರಿಗೆ ಅದೇ ಧ್ಯಾನ. ಮೂತಿ ಉದ್ದ, ಮೈ ನೆಲಕ್ಕೆ ಹತ್ತಿದಂತೆ, ಓಟಕ್ಕೆಂದೇ ಮಾಡಿದ ಗಾಡಿ. ಗಂಟೆಗೆ ಅರವತ್ತು ಮೈಲಿ ಹೋಗುತ್ತದಂತೆ. "ಗಾಜಿಪುರದ ಸಂದ್ಯಾಗ ಎಮ್ಮಿ ಅಡ್ಡ ನಿಂತ್ರ ಎಮ್ಮೀದ ಸರ್ಕಾರ, ನಿಮ್ಮ ಅರವತ್ತು ಮೈಲಿ ಏನ್ ಮಾಡ್ತದ್ರೀ ಭಾವಾ?" ಎಂದು ನಾನು ಕೇಳಿದ್ದೆ. "ಎಮ್ಮಿ ಸರಿಯೂತನಾ ಮಂದಿ ಗಾಡಿ ನೋಡ್ತಾರಲ್ಲೋ" ಎಂದು ಅವರು ನಕ್ಕರು. ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ.

ಮುಂಬಯಿಯ ಏಜಂಟನಿಂದ ಒಂದು ಚಿತ್ರದ ಪುಸ್ತಕ ಬಂತು. ಅದರಲ್ಲಿ ಅದೇ ಮೋಟಾರಿನ ಎರಡು ತರಹ. ಒಂದಕ್ಕೆ ತಗಡಿನ ಗಟ್ಟಿ ಛತ್ತು, ಕಿಟಕಿಗೆ ಗಾಜು. ಇನ್ನೊಂದಕ್ಕೆ ಛತ್ತೇ ಇಲ್ಲ. ಬೇಕಾದಾಗ ಎಳೆದುಕೊಳ್ಳಲು ಹಿಂದೆ ಮಡಚಿಟ್ಟ ಕ್ಯಾನ್ವಾಸು. ಮನೆಯಲ್ಲಿ ಅವಕ್ಕೆ ಬಂದ್ ಗಾಡಿ, ಖುಲ್ಲಾ ಗಾಡಿ ಎಂದು ಹೆಸರಾಯಿತು. ಪುಸ್ತಕ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ದೊಡ್ಡ ಅಕ್ಷರಗಳನ್ನು ಓದಿ ಹೇಳಿದೆ. ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಓದಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ಆದ್ದರಿಂದ ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಅಕ್ಕನಿಗೆ ಎರಡು ಮಳೆಗಾಲದಿಂದ ಕೆಮ್ಮು. ಕೆಮ್ಮು ಎಂದೇ ಎಲ್ಲರೂ ಹೇಳುತ್ತಿದ್ದರು. ಅದರ ನಿಜವಾದ ಹೆಸರನ್ನು ಡಾಕ್ಟರ್ ಸಾಹೇಬರು ಒಮ್ಮೆ ಭಾವನ ಕಿವಿಯಲ್ಲಿ ಹೇಳಿದ್ದರು. ದವಾ ನಾನು ಕೊಡುತ್ತೇನೆ, ಹವಾ ನೀವು ಕೊಡಿಸಬೇಕು, ಸಂಜೆ ಹೊತ್ತು ಬಯಲಿಗೆ ಕರೆದುಕೊಂಡು ಹೋಗಿ ಎಂದು ಅವರು ಉರ್ದುವಿನಲ್ಲಿ ಅಪ್ಪಣೆ ಮಾಡಿ ಹೋಗಿದ್ದರು. ಅಕ್ಕನ ಅತ್ತೆಗೆ ಇದು ತಲೆಕೆಟ್ಟವರ ಮಾತಾಗಿ ಕಂಡಿತು. ಎದೆಯಲ್ಲಿ ಕಫ ಕಟ್ಟಿದವರಿಗೆ ಗಾಳಿ ಸೋಕಬಾರದು ಎಂಬುದು ಅವರ ಕಾಲದಿಂದ ಬಂದ ಶಾಸ್ತ್ರ. ಅಕ್ಕನ ಕೋಣೆಗೆ ಇದ್ದ ಒಂದೇ ಕಿಟಕಿಗೆ ಗೋಣಿತಟ್ಟು ಹೊಡೆಸಿದ್ದರು. ಇನ್ನು ಬೇನೆಯ ಸೊಸೆಯನ್ನು ಟಾಂಗಾದಲ್ಲಿ ಕೂಡಿಸಿ ದಿನಾ ಸಂಜೆ ಊರ ನಡುವೆ ತಿರುಗಿಸುವುದು ಆ ಮನೆತನದಲ್ಲಿ ಸಾಧ್ಯವೇ ಇರಲಿಲ್ಲ. ಆದರೆ ಗಂಡನ ಸ್ವಂತ ಮೋಟಾರು ಬೇರೆ ಮಾತು. ಮೋಟಾರಿನಲ್ಲಿ ಕೂತವಳನ್ನು ಮಂದಿ ಬೇನೆಯವಳು ಎನ್ನುವುದಿಲ್ಲ, ಮೋಟಾರಿನವರ ಹೆಂಡತಿ ಎನ್ನುತ್ತಾರೆ. ಅದರಲ್ಲೂ ಸೀಟು ಎರಡೇ, ಅತ್ತೆಗೆ ಜಾಗವಿಲ್ಲ.

ಇದನ್ನೆಲ್ಲ ಅಕ್ಕ ನನಗಿಂತ ಮೊದಲೇ ಲೆಕ್ಕ ಹಾಕಿದ್ದಳು. ಒಂದು ಮಧ್ಯಾಹ್ನ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದವಳು ತಲೆ ಎತ್ತದೆ ಕೇಳಿದಳು.

"ತಮ್ಮಾ, ಆ ಎರಡು ಚಿತ್ರದಾಗ ನಿಮ್ಮ ಭಾವ ಯಾವುದಕ್ಕ ಮನಸ್ ಮಾಡ್ಯಾರ?"

"ಇನ್ನೂ ತೂಗಾಕತ್ತಾರ. ತೊಗರಿ ವ್ಯಾಪಾರಿ, ತೂಗದ ಏನೂ ತಗೊಳ್ಳೂದಿಲ್ಲ."

"ಖುಲ್ಲಾದು ತರಸು."

"ನೀನ ಹೇಳಲ್ಲ ಅವರಿಗಿ."

ಆಗ ತಲೆ ಎತ್ತಿದಳು. ಇಷ್ಟು ಓದಿದವನು ಇಷ್ಟು ದಡ್ಡ ಹೇಗಾದ ಎಂಬ ನೋಟ. "ಸೊಸಿ ತನಗಂತ ಬಾಯಿ ಬಿಟ್ಟು ಕೇಳ್ತಾಳೇನೋ ಗಂಡನ ಮನ್ಯಾಗ? ನಾ ಕೇಳೀನಂತ ಗೊತ್ತಾದ್ರ, ಬ್ಯಾನಿ ಹೆಂಗಸಿಗಿ ಬಯಕಿ ನೋಡು ಅಂತಾರ ನಮ್ಮತ್ತಿ. ಅಲ್ಲಿಗಿ ಮುಗೀತು. ನೀ ಹೇಳಿದ್ರ ತವರಿನ ಮಾತಾಗ್ತದ, ಗಣಮಕ್ಕಳ ಮಾತಾಗ್ತದ. ನನ್ನ ಹೆಸರ ಎತ್ತಬ್ಯಾಡ. ಆಣಿ ಮಾಡು."

ಅದು ನಮ್ಮ ಕಡೆಯ ರಿವಾಜು. ಕೊಟ್ಟ ಮನೆಯಲ್ಲಿ ಹೆಣ್ಣುಮಗಳು ತನಗೆ ಬೇಕಾದದ್ದನ್ನು ತಾನೇ ಕೇಳುವುದಿಲ್ಲ. ಹೊಸ ಸೀರೆಯಿರಲಿ, ತವರಿಗೆ ನಾಲ್ಕು ದಿನ ಹೋಗುವುದಿರಲಿ, ತವರಿನಿಂದ ಅಣ್ಣನೋ ತಮ್ಮನೋ ಬಂದು, ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ತನಗೇ ಹೊಳೆದದ್ದೆಂಬಂತೆ ಎತ್ತಬೇಕು. ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಗೊತ್ತೆಂದು ತೋರಿಸಿಕೊಳ್ಳುವುದಿಲ್ಲ. ಬುದ್ಧಿವಂತರಿಗೆ ಇದು ಹಾಸ್ಯಾಸ್ಪದವಾಗಿ ಕಾಣುತ್ತದೆ. ನನಗೂ ಕಂಡಿತ್ತು. ಆದರೂ ಆಣೆ ಮಾಡಿದೆ.

"ಖುಲ್ಲಾದು ಯಾಕಂತ ಅಷ್ಟ ಹೇಳು," ಎಂದೆ. ವಾದಕ್ಕೆ ಆಧಾರ ಬೇಕಿತ್ತು ನನಗೆ.

"ಮಾರಿಗಿ ಗಾಳಿ ಬಡೀಬೇಕು. ಕಮಲಾಪುರದ ತನಕ. ಅಷ್ಟ."

ಆ ಗಾಳಿಯಿಂದ ಅವಳ ಎದೆ ಗುಣವಾಗುತ್ತದೆಂದು ನಾನು ನಂಬಿದ್ದೆನೇ? ಇಲ್ಲ. ಡಾಕ್ಟರರು ದವಾಕ್ಕೆ ಹವಾ ಕೂಡಿಸಿ ಹೇಳಿದ ಮಾತ್ರಕ್ಕೆ ಅದು ಔಷಧಿಯಾಗುವುದಿಲ್ಲ. ಆದರೆ ಅವಳು ಕೇಳಿದ್ದು ಔಷಧಿಯಲ್ಲ. ಇಷ್ಟು ನನಗೆ ಆಗಲೂ ತಿಳಿದಿತ್ತು. "ನನಗ ಬಿಡು" ಎಂದೆ.

ನಾಲ್ಕು ದಿನಕ್ಕೆ ಸಂದರ್ಭ ಬಂತು. ಸಂಜೆ ಪಡಸಾಲೆಯಲ್ಲಿ ಭಾವ, ಅವರ ಅಡತಿ ಅಂಗಡಿಯ ಇಬ್ಬರು ಗೆಳೆಯರು, ನಾನು. ಒಳಗೆ ಬಾಗಿಲ ಮರೆಯಲ್ಲಿ ಅತ್ತೆ ಬತ್ತಿ ಹೊಸೆಯುತ್ತಿದ್ದರು. ಅಕ್ಕ ಇನ್ನೂ ಹಿಂದಿನ ಅಡಿಗೆಮನೆಯಲ್ಲಿದ್ದಳು. ನಾನು ಚಹಾ ಕುಡಿದೆ, ಮಳೆ ಬೆಳೆ ಮಾತಾಡಿದೆ, ರಿವಾಜಿನಂತೆ ಎಲ್ಲ ಮಾಡಿ, ಇನ್ನೇನು ಮೋಟಾರಿನ ಮಾತು ಎತ್ತಬೇಕು, ಅಷ್ಟರಲ್ಲಿ ಭಾವನೇ ಎತ್ತಿದರು.

"ಏನ್ರೀ ವಕೀಲ ಸಾಹೇಬರ, ಯಾವ ಚೀಟಿ ಬಂದ್ರೂ ಗೆಲ್ತೀನಿ ಅಂತೀರಲ್ಲ. ಇವತ್ತ ನಮ್ಮ ಮುಂದ ತೋರಸ್ರಿ. ಬಂದ್ ಗಾಡಿ, ಖುಲ್ಲಾ ಗಾಡಿ. ನಿಮಗೊಂದು, ನನಗೊಂದು. ಇವರಿಬ್ಬರೂ ಜಡ್ಜರು."

"ಇವ ಸೋತ್ರ?" ಎಂದ ಒಬ್ಬ ಗೆಳೆಯ.

"ಸೋತ್ರ ಕಾಲೇಜಿನ ಕಪ್ಪು ನಮ್ಮನಿ ತೊಗರಿ ಅಳಿಯಾಕ."

ಹಾಳೆ ಹರಿದು ಎರಡು ಚೀಟಿ ಬರೆದರು. ರುಮಾಲು ತೆಗೆದು ಅದರೊಳಗೆ ಹಾಕಿದರು. ನನಗೆ ಬಂದದ್ದು ಬಂದ್ ಗಾಡಿ.

ಆಗ ನಾನು ಇಲ್ಲ ಎನ್ನಬಹುದಿತ್ತು. ಚೀಟಿ ಬದಲು ಮಾಡಿ ಎನ್ನಬಹುದಿತ್ತು. ಬೇಕೆಂದೇ ಸೋಲಬಹುದಿತ್ತು, ಅದಂತೂ ಎಲ್ಲಕ್ಕಿಂತ ಸುಲಭ. ಯಾಕೆ ಸೋಲಲಿಲ್ಲ ಎಂದು ಎದುರು ಪಕ್ಷದವರು ಕೇಳಿದರೆ ನನ್ನ ಹತ್ತಿರ ಮರ್ಯಾದೆಯ ಉತ್ತರವಿಲ್ಲ. ಇದು ಬರೀ ಆಟ, ಭಾವನ ಮನಸ್ಸು ಹೇಗೂ ಖುಲ್ಲಾದ ಮೇಲಿದೆ, ನಾಳೆ ಬೆಳಿಗ್ಗೆ ನನ್ನ ನಿಜವಾದ ಮಾತು ಹೇಳಿದರಾಯಿತು ಎಂದು ಹೇಳಿಕೊಂಡೆ. ಸತ್ಯವೇನೆಂದರೆ, ಎದ್ದು ನಿಂತ ಮೇಲೆ ನನಗೆ ಸೋಲುವುದು ಹೇಗೆಂದು ಗೊತ್ತಿರಲಿಲ್ಲ.

ನಾನು ಬಾಯಿ ತೆರೆಯುವ ಹೊತ್ತಿಗೆ ಬಾಗಿಲ ಹಿಂದೆ ಅಕ್ಕನ ಕೆಮ್ಮು ಕೇಳಿಸಿತು. ಮೊದಲು ಧೂಳನ್ನು ಹಿಡಿದೆ. ಕಲಬುರ್ಗಿಯ ಎರೆಮಣ್ಣಿನ ಧೂಳು ತಿನ್ನಲು ಅಷ್ಟು ದೂರದಿಂದ ಗಾಡಿ ತರಿಸಬೇಕೇ, ಬಂಡಿಯ ಹಿಂದೆ ನಡೆದರೆ ಸಾಲದೇ ಎಂದೆ. ಬಿಸಿಲಿಗೆ ಬಂದೆ. ಮಳೆಗೆ ಬಂದೆ. ಗಾಜಿಪುರದ ಇಲಿಗಳು ಮದುವೆಯಲ್ಲಿ ತಲೆಗೆ ಸುತ್ತುವ ಪಟಗವನ್ನೇ ಬಿಟ್ಟಿಲ್ಲ, ಮಡಚಿಟ್ಟ ಕ್ಯಾನ್ವಾಸನ್ನು ಬಿಡುತ್ತವೆಯೇ ಎಂದಾಗ ಗೆಳೆಯರಿಬ್ಬರೂ ತೊಡೆ ತಟ್ಟಿದರು. ಮನೆಯ ಹೆಣ್ಣುಮಕ್ಕಳು ಕೂತರೆ ತಲೆಯ ಮೇಲೆ ಸೆರಗು ನಿಲ್ಲುವುದಿಲ್ಲ ಎಂದೆ. "ಈಗ ಖರೇ ಮಾತಾಡ್ದ ನೋಡು" ಎಂದು ಒಳಗಿನಿಂದ ಅತ್ತೆಯ ದನಿ ಬಂತು. ಅದು ನನ್ನನ್ನು ಇನ್ನಷ್ಟು ಏರಿಸಿತು. ಭಾವ ಪಾಪ, "ಖುಲ್ಲಾ ಅಂದ್ರ ಒಂದು ಶಾನ್ ಇರ್ತದಪಾ, ಮಂದಿ ನೋಡ್ತಾರ" ಎಂದು ಏನೋ ಹೇಳಲು ಹೋದರು. ನಾನು ಕೊನೆಯ ಏಟು ಹೊಡೆದೆ.

"ಖುಲ್ಲಾ ಗಾಡ್ಯಾಗ ಕೂತವನ್ನ ಊರು ಒಮ್ಮಿ ನೋಡ್ತದ, ಮುಗೀತು. ಬಂದ್ ಗಾಡ್ಯಾಗ ಯಾರದಾರಂತ ಊರು ದಿನಾ ಬಗ್ಗಿ ಬಗ್ಗಿ ನೋಡ್ತದ. ಭಾವಾ, ನಿಮಗ ಯಾವುದು ಬೇಕ್ರೀ?"

ಜಡ್ಜರು ಫೈಸಲಾ ಹೇಳುವ ಅಗತ್ಯವೇ ಬರಲಿಲ್ಲ. ಭಾವ ಮೀಸೆ ತಿರುವಿದರು. ಆಮೇಲೆ, "ಮಗನ, ಖರೇನ ಹೇಳಿದಿ" ಎಂದರು. ಒಳಗೆ ಕೆಮ್ಮು ನಿಂತಿತ್ತು.

ಮರುದಿನ ಬೆಳಿಗ್ಗೆ ಏಜಂಟನಿಗೆ ಕಾಗದ ಬರೆಯಲು ಭಾವ ನನ್ನನ್ನೇ ಕರೆದರು. ಆಗ ಹೇಳಿದೆ: ನಿನ್ನೆಯದು ಚೀಟಿಯ ಮಾತು, ಇವತ್ತಿನದು ನನ್ನ ಮಾತು. ಖುಲ್ಲಾದೇ ತರಿಸಿ. ಯಾಕೆಂದರೆ ಎಂದು ಶುರು ಮಾಡಿ, ನಿನ್ನೆ ಹೇಳಿದ ಒಂದೊಂದನ್ನೂ ಕತ್ತರಿಸಿ ಹಾಕಿದೆ. ನಿನ್ನೆಗಿಂತ ಚೆನ್ನಾಗಿಯೇ ಮಾತಾಡಿದೆ. ಭಾವ ಕೊನೆಯ ತನಕ ಸಮಾಧಾನದಿಂದ ಕೇಳಿದರು, ಆಮೇಲೆ ನಗುತ್ತಲೇ ಹೇಳಿದರು.

"ತಮ್ಮಾ, ನಿನ್ನಿ ನಿನ್ನ ಮಾತು ಕೇಳಿ ಹೌದು ಅನಿಸ್ತು. ಇವತ್ತೂ ಹೌದ ಅನಸಾಕತ್ಯದ. ತೂಕದ ಕಲ್ಲು ಒಂದ ದಿನ ಸೇರು, ಒಂದ ದಿನ ಪಾವು ಆದ್ರ, ಅದನ್ನ ಅಂಗಡ್ಯಾಗ ಇಟ್ಕೋತಾರೇನು? ಬರಿ ಕಾಗದ. ಬಂದ್ ಗಾಡಿ."

ನನ್ನ ಬಾಯಿಗೆ ಅಕ್ಕನ ಹೆಸರು ಬಂದಿತ್ತು. ಆಣೆ ನೆನಪಾಯಿತು. ಆಣೆಯಲ್ಲಿ ನನಗೆ ನಂಬಿಕೆಯಿಲ್ಲ; ದೇವರು ಕಣ್ಣು ಕೀಳುತ್ತಾನೆಂಬ ಹೆದರಿಕೆಯಿಲ್ಲ. ಆದರೂ ಆ ಒಂದು ದಿನ ನಾನು ನಂಬಿಕಸ್ಥನಾದೆ. ನನ್ನ ಕೈಯಿಂದಲೇ, ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ, ಬಂದ್ ಗಾಡಿ ಬೇಕೆಂದು ಬರೆದೆ.

ಅಕ್ಕನ ಹತ್ತಿರ ಹೋಗಿ ನಿಂತಾಗ ಅವಳು ನನ್ನನ್ನು ಬಯ್ಯಲಿಲ್ಲ. "ಇರಲಿ ಬಿಡು" ಎಂದು ಗೋಡೆಯ ಕಡೆ ಹೊರಳಿದಳು. ಅದನ್ನು ಬೇಸರವೆಂದುಕೊಂಡೆ. ಅದು ಬೇಸರವಾಗಿರಲಿಲ್ಲ, ಆದರೆ ನನಗೆ ಅದು ತಿಳಿದದ್ದು ಬಹಳ ತಡವಾಗಿ.

ಗಾಡಿ ಬರಲು ನಾಲ್ಕು ತಿಂಗಳಾಯಿತು. ಯುಗಾದಿಗೆ ಎಂಟು ದಿನವಿದ್ದಾಗ ರೈಲಿನಲ್ಲಿ ಬಂದು ಸ್ಟೇಷನ್ನಿನಲ್ಲಿ ಇಳಿಯಿತು. ಹೊಸ ಬೆಲ್ಲದ ಬಣ್ಣ. ನೋಡಲು ಜನ ಸೇರಿದರು. ನಾನು ಹೇಳಿದ್ದಂತೆಯೇ ಬಗ್ಗಿ ಬಗ್ಗಿ ನೋಡಿದರು. ಭಾವ ಸೇಡಂ ರಸ್ತೆಯಲ್ಲಿ ಹದಿನೈದು ದಿನ ಓಡಿಸಿ ಕಲಿತು, ಒಂದು ಸಂಜೆ ಅಕ್ಕನನ್ನು ಕುಸನೂರಿನ ಕಡೆಗೆ ಕರೆದುಕೊಂಡು ಹೋದರು.

ಅಷ್ಟರಲ್ಲಿ ಒಂದು ಕೆಲಸ ಆಗಿಹೋಗಿತ್ತು. ಛತ್ತು, ಗಾಜು ಎಲ್ಲ ಇರುವ ಗಾಡಿ ಎಂದ ಮೇಲೆ ಅದಕ್ಕೆ ಪರದೆ ಬೇಕಲ್ಲ. ಅತ್ತೆ ಹಸಿರು ದಪ್ಪ ಬಟ್ಟೆ ತರಿಸಿ ಒಳಗಿನಿಂದ ಕಿಟಕಿಗೆ ಹೊಲಿಸಿದ್ದರು. ದೊಡ್ಡ ಮನೆತನದ ಹೆಂಗಸರ ಜನಾನಾ ಗಾಡಿಗಳಿಗೆಲ್ಲ ಹಾಗೇ ಇತ್ತು. ನಮ್ಮ ಮನೆಯದಕ್ಕೆ ಯಾಕಿರಬಾರದು? ಕಿಟಕಿಯ ಗಾಜು ಇಳಿಸಿದರೆ ಗಾಳಿ ಬರುತ್ತಿರಲಿಲ್ಲವೇ ಎಂದು ನನ್ನನ್ನು ಕೇಳಿದವರಿದ್ದಾರೆ. ಬರುತ್ತಿತ್ತು. ಗಾಜು ಅರ್ಧ ಇಳಿಯುತ್ತಿತ್ತು, ಪರದೆ ಪೂರಾ ಇಳಿದಿರುತ್ತಿತ್ತು. ಖುಲ್ಲಾ ಗಾಡಿಗೆ ಪರದೆ ಕಟ್ಟಲು ಗೂಟವೇ ಇರುತ್ತಿರಲಿಲ್ಲ. ಛತ್ತಿನ ಜೊತೆಗೆ ಏನೇನು ಬರುತ್ತದೆಂದು ನನ್ನ ವಾದದಲ್ಲಿ ನಾನು ಎಣಿಸಿರಲಿಲ್ಲ.

ಚೈತ್ರದ ಬಿಸಿಲು ಕುಡಿದ ತಗಡು, ಪೆಟ್ರೋಲಿನ ವಾಸನೆ, ಹಸಿರು ಕತ್ತಲು. ಅಕ್ಕ ತಿರುಗಿ ಬಂದವಳು ಅಂಗಳದಲ್ಲೇ ವಾಂತಿ ಮಾಡಿಕೊಂಡು ಕೂತಳು. ಆ ಹೊತ್ತು ಹತ್ತಿದ ಕೆಮ್ಮು ಊಟದ ವೇಳೆಯ ತನಕ ಬಿಡಲಿಲ್ಲ. "ಹವಾ ಕುಡದು ಬಂದ್ಳು ನೋಡು" ಎಂದರು ಅತ್ತೆ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಭಾವ ಕರೆದಾಗ, "ನೀವು ಹೋಗಿ ಬರ್ರಿ, ನನಗ ಕೆಲಸ ಅದ" ಎಂದಳು. ಅವಳಿಗೆ ಆಗ ಯಾವ ಕೆಲಸವೂ ಇರಲಿಲ್ಲ. ಮೊರ ಹಿಡಿದು ಕೂಡುವಷ್ಟು ಕಸುವೂ ಉಳಿದಿರಲಿಲ್ಲ. ವೈಶಾಖದಲ್ಲಿ ಕೆಮ್ಮಿದ ಬಟ್ಟೆಯಲ್ಲಿ ಕೆಂಪು ಕಂಡಿತು.

ಆ ದಿನ ಆಣೆ ಮುರಿದೆ. ಅಡತಿ ಅಂಗಡಿಗೆ ಹೋಗಿ, ತೊಗರಿ ಚೀಲದ ಮೇಲೆ ಕೂತಿದ್ದ ಭಾವನಿಗೆ ಎಲ್ಲ ಹೇಳಿದೆ. ಖುಲ್ಲಾ ಗಾಡಿ ಕೇಳಿದ್ದು ಅವಳು, ನಾನಲ್ಲ. ನಾನು ಅವಳ ಪರವಾಗಿ ಹೇಳಬೇಕಾದವನು, ಚೀಟಿ ಬಂತೆಂದು ಉಲ್ಟಾ ಹೇಳಿದವನು. ಭಾವ ಚೀಲದಿಂದ ಎದ್ದು ನಿಂತರು.

"ಇಷ್ಟ ಹೇಳಾಕ ನಿಂಗ ಆರು ತಿಂಗಳು ಬೇಕಾತೇನು?"

"ಹೇಳಬ್ಯಾಡ ಅಂದಿದ್ಳು."

"ಅಕಿ ಅಂತಾಳ. ಅಕಿ ಹಂಗ ಅನಬೇಕು. ನೀ ಕೇಳಬೇಕೇನು?" ಆಮೇಲೆ, ದನಿ ತಗ್ಗಿಸಿ, "ನನಗರ ಒಂದ ಮಾತು ಕೇಳೂದು ತಿಳೀಲಿಲ್ಲ ನೋಡು. ಗೆಳ್ಯಾರನ್ನ ಕೇಳ್ದೆ, ನಿನ್ನ ಕೇಳ್ದೆ. ಅಕೀನ್ನ ಕೇಳ್ಲಿಲ್ಲ."

ಹೊಸದಾಗಿ ಖುಲ್ಲಾ ಗಾಡಿ ತರಿಸಬೇಕೆಂದರೆ ಮತ್ತೆ ನಾಲ್ಕು ತಿಂಗಳು. ಅಷ್ಟು ದಿನ ಇವೆಯೇ ಎಂದು ಡಾಕ್ಟರ್ ಸಾಹೇಬರನ್ನು ಕೇಳಿದೆವು. ಅವರು ಮೇಜಿನ ಮೇಲಿನ ಶೀಶೆಗಳನ್ನು ಜೋಡಿಸುತ್ತ ಕೂತರು. ಹೊರಗೆ ಬಂದ ಮೇಲೆ ಭಾವ ಹೇಳಿದರು: "ಛತ್ ಕೊಯ್ಸಿ ಬಿಡೂನು."

ಸೇಡಂ ರಸ್ತೆಯಲ್ಲಿ ಟಾಂಗಾ ಮಾಡುವ ಒಬ್ಬ ಮುದುಕ ಮಿಸ್ತ್ರಿಯಿದ್ದ. ಊರಿನ ಅರ್ಧ ಟಾಂಗಾಗಳಿಗೆ ಅವನೇ ಮೈ ಕಟ್ಟಿದವನು. ಮೋಟಾರನ್ನು ಅವನ ಅಂಗಡಿಯ ಮುಂದೆ ನಿಲ್ಲಿಸಿದೆವು. ಅವನು ಅದರ ಸುತ್ತ ಎರಡು ಸಲ ಬಂದ. ಬಾಗಿಲು ತೆಗೆದ, ಹಾಕಿದ. ಛತ್ತಿಗೆ ಬೆರಳಿನ ಗೆಣ್ಣಿನಿಂದ ಬಡಿದು ಕಿವಿ ಇಟ್ಟ. ಬಾಗಿಲ ಪಕ್ಕದ ಕಂಬ ಹಿಡಿದು ಅಲ್ಲಾಡಿಸಿ ನೋಡಿದ.

"ನಕ್ಕೋ, ಬ್ಯಾಡ ಸಾಹೇಬ," ಎಂದ. "ಟಾಂಗಾದ ಛತ್ ಅಂದ್ರ ಟೋಪಿ ಇದ್ದಂಗ, ತೆಗದ್ರೂ ಆತು, ಇಟ್ರೂ ಆತು. ಇದು ಹಂಗಿಲ್ಲ. ಇದರ ಛತ್ ಎಲ್ಲಾ ಹಿಡಕೊಂಡದ. ಕೈಗೆ ಹಂಗ ಹತ್ತಾಕತ್ಯದ."

ಭಾವ ನನ್ನ ಮುಖ ನೋಡಿದರು. ಇಲ್ಲಿ ನಾನು ಗೆದ್ದ ಎರಡನೆಯ ವಾದ ಶುರುವಾಯಿತು. ಈ ಸಲ ಚೀಟಿಯಿಲ್ಲ, ಪೂರಾ ನಂಬಿಕೆಯಿಂದಲೇ ವಾದಿಸಿದೆ. ಬಂದ್ ಗಾಡಿ ಮಾಡಿದ ಕಾರ್ಖಾನೆಯೇ ಖುಲ್ಲಾ ಗಾಡಿಯನ್ನೂ ಮಾಡುತ್ತದೆ. ಎರಡಕ್ಕೂ ಇಂಜಿನು ಒಂದೇ, ಗಾಲಿ ಒಂದೇ, ಬಾಗಿಲು ಒಂದೇ. ಚಿತ್ರದಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ಒಂದಕ್ಕೆ ಛತ್ತಿದೆ, ಒಂದಕ್ಕಿಲ್ಲ. ಛತ್ತಿಲ್ಲದೆಯೂ ಒಂದು ಗಾಡಿ ಗಟ್ಟಿಯಾಗಿ ಓಡುತ್ತಿದೆ ಎಂದ ಮೇಲೆ ಗಾಡಿಯ ಗಟ್ಟಿತನ ಛತ್ತಿನಲ್ಲಿಲ್ಲ ಎಂದಾಯಿತಲ್ಲ. ಹಾಗಾದರೆ ತೆಗೆದರೆ ಹೋಗುವುದೇನು?

ಮಿಸ್ತ್ರಿ ಗಡ್ಡ ಕೆರೆದುಕೊಂಡ. "ನೀವು ಹೇಳೂದು ಬರೋಬರ್ ಕಾಣ್ತದ ಸಾಹೇಬ," ಎಂದ. "ನನ್ನ ಕೈ ಬ್ಯಾರೆ ಅಂತದ. ಮಗರ್ ಕೈಗೆ ಮಾತ ಬರಲ್ಲ."

"ಹಂಗಾದ್ರ ಕೊಯ್ರಿ," ಎಂದೆ.

ಎರಡು ದಿನ ಕೊಯ್ದ. ಅಂಚಿಗೆ ಕೈ ತರಚದಂತೆ ತೊಗಲಿನ ಪಟ್ಟಿ ಹೊಡೆದ. ಕೂಲಿ ತೆಗೆದುಕೊಳ್ಳುವಾಗಲೂ ಕಂಬವನ್ನೊಮ್ಮೆ ಅಲ್ಲಾಡಿಸಿದ. ಅದು ಮೊದಲಿನಂತಿರಲಿಲ್ಲ, ಸ್ವಲ್ಪ ಬಾಗಿ ಬಂತು. ಅವನು ಏನೂ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ನನ್ನಲ್ಲಿ ಜವಾಬಿತ್ತು.

ಅತ್ತೆ ಈ ಸಲ ತಡೆಯಲಿಲ್ಲ. ಕೆಂಪು ಕಂಡ ದಿನದಿಂದ ಅವರ ಬಾಯಿ ಕಟ್ಟಿತ್ತು. ಸೊಸೆಯ ತಲೆಗೆ ಶಾಲು ಹೊದಿಸಿ, ಮಡಿಲಲ್ಲಿ ಒಂದು ನಿಂಬೆಹಣ್ಣು ಇಟ್ಟು ಕಳಿಸಿಕೊಟ್ಟರು. ಭಾವ ನಡೆಸುವುದು, ಪಕ್ಕದಲ್ಲಿ ಅಕ್ಕ, ಹಿಂದೆ ಸಾಮಾನು ಇಡುವ ಜಾಗದಲ್ಲಿ ಮುದುಡಿಕೊಂಡು ನಾನು. ಸೂರ್ಯ ಹುಟ್ಟುವ ಮೊದಲೇ ಹೊರಟೆವು, ಕಮಲಾಪುರಕ್ಕೆ.

ಊರು ದಾಟಿದ ಮೇಲೆ ಅಕ್ಕ ಶಾಲನ್ನು ಹೆಗಲಿಗೆ ಜಾರಿಸಿದಳು. ನನಗೆ ಅವಳ ಮುಖ ಕಾಣುತ್ತಿರಲಿಲ್ಲ. ಬಿಚ್ಚಿದ ಕೂದಲು ಹಿಂದಕ್ಕೆ ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು, ಅದರಲ್ಲಿ ಕೊಬ್ಬರಿ ಎಣ್ಣೆ ಮತ್ತು ಔಷಧಿಯ ವಾಸನೆ. ಏನೋ ಹೇಳಿದಳು, ಗಾಳಿಯಲ್ಲಿ ನನಗೆ ಕೇಳಲಿಲ್ಲ, ಭಾವ ಮಾತ್ರ ಹೂಂ ಎಂದು ಗೋಣು ಹಾಕಿದರು. ಅದು ಏನೆಂದು ನಾನು ಇವತ್ತಿಗೂ ಅವರನ್ನು ಕೇಳಿಲ್ಲ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು. ಅವಳು ಆರು ತಿಂಗಳ ಹಿಂದೆ ಕೇಳಿದ್ದರಲ್ಲಿ ಅವಳಿಗೆ ದಕ್ಕಿದ್ದು ಅಷ್ಟು.

ಮಹಾಗಾಂವ ಇನ್ನೂ ಒಂದು ಮೈಲಿ ಇರುವಾಗ ಬಂಡಿಯ ಕೊರಕಲಿಗೆ ಮುಂದಿನ ಗಾಲಿ ಬಿತ್ತು. ಕಟಕಟ ಎಂದು ಸದ್ದಾಯಿತು. ಅಕ್ಕನ ಕಡೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ಭಾವ ಒಂದು ಕೈಯಿಂದ ಅವಳ ರಟ್ಟೆ ಹಿಡಿಯದಿದ್ದರೆ ರಸ್ತೆಗೇ ಬೀಳುತ್ತಿದ್ದಳು. ನಿಲ್ಲಿಸಿ ಬಾಗಿಲು ಹಾಕಲು ಹೋದರೆ ಅದು ಚೌಕಟ್ಟಿಗೆ ಕೂಡುತ್ತಲೇ ಇಲ್ಲ. ಎರಡೂ ಕಡೆಯ ಕಂಬಗಳು ಹೊರಕ್ಕೆ ಬಾಗಿದ್ದವು. ನನ್ನ ಧೋತರದ ಅಂಚು ಹರಿದು ಬಾಗಿಲು ಕಟ್ಟಿದೆವು. ಇನ್ನೆರಡು ಫರ್ಲಾಂಗು ಹೋದ ಮೇಲೆ ಮುಂದಿನ ಗಾಜು ಅಡ್ಡಕ್ಕೆ ಸೀಳಿ ಅವಳ ಮಡಿಲಿಗೆ ಬಿತ್ತು. ಗಾಡಿ ನಡು ಮುರಿದ ಎತ್ತಿನಂತೆ ಕೆಳಗೆ ಕುಸಿದಿತ್ತು. ಬಾಗಿಲ ಕೆಳಗಿನ ಮರದ ಚೌಕಟ್ಟು ಸೀಳಿಕೊಂಡು ನೆಲಕ್ಕೆ ಹತ್ತಿತ್ತು. ಈಗ ಎರಡೂ ಬಾಗಿಲು ತೆರೆಯಲೂ ಒಲ್ಲವು. ಅಕ್ಕನನ್ನು ಮೇಲಿನಿಂದಲೇ ಎತ್ತಿ ಇಳಿಸಿಕೊಂಡೆವು. ಹುಲ್ಲಿನ ಹೊರೆಗಿಂತ ಹಗುರಾಗಿದ್ದಳು.

ಕಮಲಾಪುರಕ್ಕೆ ಅವಳು ಬಂಡಿಯಲ್ಲಿ ಮುಟ್ಟಿದಳು. ಬಿಸಿಲೇರಿತ್ತು, ಬಂಡಿಯವನು ಮೇಲೆ ಕಂಬಳಿಯ ಕಮಾನು ಕಟ್ಟಿದ. ಅದರೊಳಗೆ ಮಲಗಿ, ಮೈತುಂಬ ಬೆವರಿ, ಹನ್ನೊಂದು ಗಂಟೆಗೆ ತವರಿನ ಬಾಗಿಲಲ್ಲಿ ಇಳಿದಳು. ಆಮೇಲೆ ಅವಳು ಅಲ್ಲಿಂದ ಎಲ್ಲಿಗೂ ಹೋಗಲಿಲ್ಲ.

ಚಿತ್ರದ ಪುಸ್ತಕವನ್ನು ಅನಂತರ ತೆಗೆದು ಕೊನೆಯ ಪುಟ ಓದಿದೆ. ಖುಲ್ಲಾ ಗಾಡಿಗೆ ಛತ್ತಿಲ್ಲದ್ದರಿಂದ ಅದರ ತಳದಲ್ಲಿ, ಬಾಗಿಲುಗಳ ಕೆಳಗೆ, ಉಕ್ಕಿನ ದಪ್ಪ ಪಟ್ಟಿಗಳನ್ನು ಬೇರೆಯಾಗಿ ಹಾಕಲಾಗಿದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಮಿಸ್ತ್ರಿಯ ಕೈಗೆ ತಿಳಿದದ್ದು ಅದೇ.

ಕಮಲಾಪುರದಲ್ಲಿ ಅಕ್ಕನ ಮಂಚವನ್ನು ಕಿಟಕಿಯ ಹತ್ತಿರ ಹಾಕಿ ಬಾಗಿಲುಗಳನ್ನೆಲ್ಲ ತೆಗೆದಿಟ್ಟೆವು. ಅವ್ವ ದಿನಾ ಕೆಂಪು ಬಾಳೆಹಣ್ಣನ್ನು ಹಾಲಿನಲ್ಲಿ ಹಿಚುಕಿ ಕೊಡುತ್ತಿದ್ದಳು, ಅಕ್ಕ ಎರಡು ಚಮಚ ತಿಂದು ಸಾಕೆನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವ್ವ ಹೊರಗೆ ಹೋಗಿದ್ದಾಗ ನಾನು ಕೇಳಿದೆ. ಆರು ತಿಂಗಳು ಕೇಳದೆ ಇದ್ದದ್ದನ್ನು ಕೇಳಿದೆ.

"ಅವತ್ತ ನಾ ಬಂದ್ ಗಾಡಿ ಪರ ಮಾತಾಡ್ದಾಗ, ನನ್ನ ಮ್ಯಾಲ ಸಿಟ್ಟು ಬಂದಿದ್ದಿಲ್ಲೇನು ನಿಂಗ?"

ಅವಳು ಸ್ವಲ್ಪ ನಕ್ಕಳು. ನಕ್ಕರೆ ಕೆಮ್ಮು ಬರುತ್ತದೆಂದು ಅಲ್ಲಿಗೇ ನಿಲ್ಲಿಸಿದಳು.

"ಸಿಟ್ಟ್ಯಾಕ? ಎಷ್ಟ್ ಛಲೋ ಮಾತಾಡ್ದಿ. ಇಲಿದು ಹೇಳ್ದಾಗ ನನಗೂ ನಗು ಬಂತು." ಉಸಿರು ತೆಗೆದುಕೊಂಡು ಮುಂದುವರಿಸಿದಳು. "ನಾ ಬಾಗ್ಲ ಹಿಂದ ನಿಂತು ಕೇಳಾಕತ್ತಿದ್ದೆ. ಕೇಳ್ತಾ ಕೇಳ್ತಾ ನನಗೂ ಹೌದ ಅನಿಸ್ತು. ಧೂಳು, ಬಿಸಲು, ಸೆರಗು. ಇಷ್ಟ ತಿಳದಂವ ಹೇಳ್ತಾನಂದ್ರ ಖರೇನ ಇರಬೇಕು, ನಂದ ಬ್ಯಾನ್ಯಾಗಿನ ಹುಚ್ಚು ಅಂದ್ಕೊಂಡೆ. ಅದಕ್ಕ ಮತ್ತ ಕೇಳ್ಲಿಲ್ಲ."

"ಅದು ಚೀಟಿ ಮಾತಾಗಿತ್ತು ಅಕ್ಕಾ."

"ಹೌದೇನು?"

ಚೀಟಿಯ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ನಾವು ರುಮಾಲಿನಿಂದ ಚೀಟಿ ಎತ್ತುವಾಗ ಅವಳು ಇನ್ನೂ ಅಡಿಗೆಮನೆಯಲ್ಲಿದ್ದಳು. ಕೇಳಿದ್ದು ನನ್ನ ದನಿ ಮಾತ್ರ. ಅವಳು ನನ್ನ ಕಡೆ ನೋಡುತ್ತ ಇದ್ದಳು, ಇನ್ನೂ ಏನಾದರೂ ಹೇಳುತ್ತೇನೆಂದು. ನಾನು ಹಾಲಿನ ಬಟ್ಟಲನ್ನು ತೆಗೆದುಕೊಂಡು ಒಳಗೆ ಹೋದೆ.

ಮೃಗಶಿರಾ ಮಳೆ ಕೂಡುವ ಮೊದಲೇ ಅವಳು ಹೋದಳು. ನಮ್ಮ ಪದ್ಧತಿಯಂತೆ ಕೂಡಿಸಿ ಹೂಳಿದೆವು. ಅತ್ತೆ ಕಲಬುರ್ಗಿಯಿಂದ ಬಂದು, ನಿಂಬೆಹಣ್ಣು ಎಲ್ಲಿ ಹೋಯಿತೆಂದು ಅವ್ವನನ್ನು ಕೇಳಿದರು. ಅದು ಗಾಡಿಯಲ್ಲಿಯೇ ಬಿದ್ದಿತ್ತೋ ಏನೋ, ಯಾರಿಗೂ ಗೊತ್ತಿರಲಿಲ್ಲ.

ಗಾಡಿಯನ್ನು ಎತ್ತುಗಳಿಂದ ಎಳೆಸಿ ತಂದರು. ಭಾವ ಮೈಯನ್ನು ಗುಜರಿಗೆ ಹಾಕಿ, ಇಂಜಿನನ್ನು ಬೇಳೆ ಒಡೆಯುವ ಗಿರಣಿಗೆ ಕೂಡಿಸಿದರು. ಈಗಲೂ ಓಡುತ್ತದೆ. ಮರುವರ್ಷ ದೀಪಾವಳಿಯ ಆಸುಪಾಸು ನಾನು ಗಿರಣಿಗೆ ಹೋಗಿದ್ದಾಗ ಅವರು ಇಂಜಿನು ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕ ಬಂದು ಕೂತರು. ತೆಳ್ಳಗಾಗಿದ್ದರು. ಮೀಸೆ ತಿರುವುವುದು ಬಿಟ್ಟಿದ್ದರು.

"ಒಂದ ಮಾತು ಹೇಳು," ಎಂದರು. "ಮೊದಲನ ಖುಲ್ಲಾದು ತರಿಸಿದ್ದಿದ್ರೂ ಅಕಿ ಉಳೀತಿದ್ದಿಲ್ಲ. ಹೌದಲ್ಲ? ಅದು ಹವಾಕ್ಕ ಹೋಗೂ ಬ್ಯಾನಿ ಅಲ್ಲ. ನೀ ಓದಿದಂವ, ನೀ ಹೇಳು."

ಹೇಳಬಹುದಿತ್ತು. ಅದಕ್ಕೆ ಬೇಕಾದ ಆಧಾರವೆಲ್ಲ ನನ್ನಲ್ಲಿತ್ತು. ಹವೆಯಿಂದ ಆ ರೋಗ ವಾಸಿಯಾದದ್ದನ್ನು ನಾನು ಕಂಡಿಲ್ಲ. ಡಾಕ್ಟರರ ಮಾತಿಗೆ ಪ್ರಮಾಣವಿಲ್ಲ. ನಾಲ್ಕು ತಿಂಗಳು ಸಂಜೆ ಸಂಜೆ ಗಾಳಿ ಕುಡಿದಿದ್ದರೂ ಕೊನೆ ಇದೇ ಆಗುತ್ತಿತ್ತು ಎಂದು ಹತ್ತು ಮಾತಿನಲ್ಲಿ ಸಾಧಿಸಿ ತೋರಿಸಬಹುದಿತ್ತು. ಬಹುಶಃ ಅದು ನಿಜವೂ ಇದ್ದೀತು. ಅವರಿಗೆ ಬೇಕಾಗಿದ್ದುದು ಅಷ್ಟೇ. ನನ್ನ ಬಾಯಿಂದ ಬಂದರೆ ನಂಬಲು ತಯಾರಾಗಿ ಕೂತಿದ್ದರು.

ನಾನು ಸುಮ್ಮನೆ ಕೂತೆ. ಭಾವ ಸ್ವಲ್ಪ ಹೊತ್ತು ಕಾದರು. ಆಮೇಲೆ ಎದ್ದು ಇಂಜಿನು ಶುರು ಮಾಡಲು ಹೋದರು. ಅವತ್ತು ಸುಮ್ಮನಿದ್ದದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಒಂದು ಮಾತು ಹೇಳಿದ್ದರೆ ನನ್ನದೇನೂ ಹೋಗುತ್ತಿರಲಿಲ್ಲ.